ಮರಳುಗಲ್ಲಿನ ಬೆಟ್ಟಕ್ಕೆ ಹೋಗುವವರು ತಿಳಿಯಬೇಕಾದದ್ದು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮರಳುಗಲ್ಲಿನ ಗುಡ್ಡ ಸೀಳಿಕೊಂಡು ಬಾದಾಮಿ ಸೀಮೆಗೆ ಹರಿಯುತ್ತಾಳೆ. ಬೆಳಗಾವಿ, ಖಾನಾಪುರದ ಕಡೆಯಿಂದ ಬನಶಂಕರಿ ದರ್ಶನಕ್ಕೆ ಹೋದ ಭಕ್ತರು ಬಾದಾಮಿಯ ಕೆಂಪು ಬಂಡೆಗಳನ್ನೂ ನೋಡಿ ಬರುತ್ತಾರೆ. ದೇಶ ವಿದೇಶದ ಶಿಲಾರೋಹಿಗಳೂ ಅಲ್ಲಿಗೆ ಬರುವುದುಂಟು.

ಮರಳಿನ ಕಣಗಳು ಕೂಡಿ ಗಟ್ಟಿಯಾದದ್ದೇ ಮರಳುಗಲ್ಲು. ಮಳೆನೀರು ಸಂದಿಗಿಳಿದರೆ ಆ ಬಿಗಿ ಸಡಿಲಾಗುತ್ತದೆ. ಮೇಲೆ ಒಣಗಿ ಕಂಡರೂ ಒಳಗೆ ಹಸಿ ಇರುತ್ತದೆ. ಹಿಡಿದ ಅಂಚು ಕಿತ್ತು ಬಂದರೆ ಹತ್ತಿದವನೂ ಬೀಳುತ್ತಾನೆ, ಕಲ್ಲೂ ಹಾಳಾಗುತ್ತದೆ. ಅದಕ್ಕೇ ಬಲ್ಲ ಶಿಲಾರೋಹಿಗಳು ಮಳೆ ನಿಂತ ಮೇಲೂ ಒಂದೆರಡು ದಿನ ಕಾಯುತ್ತಾರೆ. ಕೈಗೆ ಹಚ್ಚಿದ ಬಿಳಿ ಪುಡಿಯ ಗುರುತನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ ಬರುತ್ತಾರೆ.

ಬಾದಾಮಿಯ 3ನೇ ಗುಹೆಯ ಶಾಸನ ಕ್ರಿ.ಶ. 578ರದು. ಊರಾಚೆಯ ಸಿಡ್ಲಫಡಿಯಲ್ಲಿ ಅದಕ್ಕೂ ಬಹಳ ಹಿಂದಿನ ಜನ ಬಂಡೆಯ ಮೇಲೆ ಬರೆದ ಚಿತ್ರಗಳಿವೆ. ಅಲ್ಲಿಗೆ ಗುಡ್ಡದ ದಾರಿ ಹಿಡಿದು ನಡೆದೇ ಹೋಗಬೇಕು. ಕೈಯ ಬೆವರು, ಒಲೆಯ ಹೊಗೆ ಇಷ್ಟೇ ಸಾಕು, ಆ ಬಣ್ಣ ಮಾಸಲಿಕ್ಕೆ. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಹೋಗುವವರು ಇಷ್ಟು ನೆನಪಿಡ್ರಿ:

1. ಗುಹೆ, ಗುಡಿ, ಕೋಟೆಯ ಕಲ್ಲು ಹತ್ತಬ್ಯಾಡ್ರಿ.

2. ಹೆಸರು ಕೆತ್ತಬ್ಯಾಡ್ರಿ. ಚಿತ್ರ ಚೊಲೋ ಕಾಣಲಿ ಅಂತ ನೀರು ಚಿಮುಕಿಸಬ್ಯಾಡ್ರಿ.

3. ಬಂಡೆಯ ಬುಡದಾಗ ಒಲಿ ಹಚ್ಚಬ್ಯಾಡ್ರಿ.

4. ಜೇನುಗೂಡು ಕಂಡಲ್ಲಿ ಗದ್ದಲ ಮಾಡದೆ ದೂರ ಸರೀರಿ.

5. ದಾರಿ ಹೊಲದೊಳಗಿದ್ದರೆ ರೈತರನ್ನು ಕೇಳಿ ದಾಟ್ರಿ.

6. ಕುಡಿಯೋ ನೀರು ಒಯ್ಯಿರಿ, ಖಾಲಿ ಬಾಟಲಿ ತಿರುಗಿ ತರ್ರಿ.

ಚಪ್ಪಲಿಯನ್ನು ಕೆಳಗೆ ಬಿಟ್ಟು ಬೆಟ್ಟ ಹತ್ತುವ ಭಕ್ತರು ಕಸವನ್ನು ಮೇಲೆ ಬಿಟ್ಟು ಇಳಿಯಬಾರದು.