ಐದು ನಿಮಿಷಕ್ಕೆ 200 ರೂಪಾಯಿಯೇ?

ಅಕ್ಕ ಕೂಲಿ ಮುಗಿಸಿ ಮನೆಗೆ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಬೀಗದ ಕೈ ಇಲ್ಲ! ಬೀಗ ರಿಪೇರಿಯವನನ್ನು ಕರೆತಂದಳು. ಅವನು ಕಂಬಿ ಹಾಕಿ ಐದು ನಿಮಿಷದಲ್ಲಿ ಬೀಗ ತೆಗೆದ. ಆಮೇಲೆ ಹೊಸ ಕೈ ಮಾಡಿಕೊಟ್ಟ.

"ಎಷ್ಟಪ್ಪಾ?"

"200 ರೂಪಾಯಿ ಅಕ್ಕಾ."

"ಐದು ನಿಮಿಷಕ್ಕೆ ನನ್ನ ಅರ್ಧ ದಿನದ ಕೂಲಿಯಾ?"

"ಲೆಕ್ಕ ಕೇಳಿ ಅಕ್ಕಾ. ಹಲ್ಲಿಲ್ಲದ ಖಾಲಿ ಕೈಗೆ 30. ಬಂದುಹೋಗೋ ಖರ್ಚು 40. ಕೆಲಸದ ಕೂಲಿ 130. ಬೀಗದ ಒಳಗೆ ಸಣ್ಣ ಲಿವರ್‌ಗಳು ಇರ್ತವೆ. ಒಂದೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಬೇಕು. ಅದಕ್ಕೇ ಕೈಗೆ ಹಲ್ಲು. ಅರದಲ್ಲಿ ಒಂಚೂರು ಹೆಚ್ಚು ಉಜ್ಜಿದ್ರೂ ಕೈ ಹಾಳು. ಇದನ್ನ ಕಲಿಯೋಕೆ ನಂಗೆ ವರ್ಷಗಳೇ ಹಿಡಿದವು. ಬೀಗ ಒಡೆದಿದ್ರೆ ಹೊಸದು ಕೊಳ್ಳಬೇಕಿತ್ತು."

"ಹಳೆ ಕೈ ಇದ್ದಿದ್ರೆ?"

"ಅಂಗಡಿಗೆ ತಂದಿದ್ರೆ ಅದನ್ನ ನೋಡಿ ಇನ್ನೊಂದು ಮಾಡ್ತಿದ್ದೆ. 60 ರೂಪಾಯಿ ಸಾಕಿತ್ತು."

ಅಕ್ಕ ಹಣ ಕೊಟ್ಟಳು. ಮರುದಿನವೇ ಅಂಗಡಿಗೆ ಹೋಗಿ ಇನ್ನೊಂದು ಕೈ ಮಾಡಿಸಿದಳು. ಅದನ್ನು ತಂಗಿಯ ಮನೆಯಲ್ಲಿ ಇಟ್ಟಳು.

ನೆನಪಿಡಿ

1. ಕೆಲಸಕ್ಕೆ ಮೊದಲೇ ದರ ಕೇಳಿ. ಬರುವ ಖರ್ಚು ಸೇರಿದೆಯೇ ಎಂದೂ ಕೇಳಿ.
2. ರಾತ್ರಿ ಕರೆದರೆ, ದೂರ ಕರೆದರೆ ದರ ಹೆಚ್ಚು. ಲಿವರ್ ಹೆಚ್ಚಿದ್ದರೆ ಕೆಲಸವೂ ಹೆಚ್ಚು.
3. "ಇದು ನಿಮ್ಮ ಮನೆಯೇ?" ಎಂದು ಕೇಳಿದರೆ ಸಿಟ್ಟಾಗಬೇಡಿ. ಕಳ್ಳನಿಗೆ ಬೀಗ ತೆಗೆದುಕೊಡಬಾರದಲ್ಲವೇ?
4. ಇನ್ನೊಂದು ಕೈ ನಂಬಿಕೆಯವರ ಬಳಿ ಇರಲಿ.

ಲೆಕ್ಕ ಮಾಡಿ

30 + 40 + 130 = ?
ಹಳೆ ಕೈ ಇದ್ದಿದ್ದರೆ ಅಕ್ಕನಿಗೆ ಎಷ್ಟು ಉಳಿಯುತ್ತಿತ್ತು? 200 – 60 = ?

ಚರ್ಚಿಸಿ

ಕೂಲಿ ಕೊಡುವುದು ಹೊತ್ತಿಗೋ, ಕಲಿತ ಕೆಲಸಕ್ಕೋ?