ಮರುಬಾಡಿಗೆಯ ಕಟ್ಟಡವೂ ಉಷ್ಣದ ಲೆಕ್ಕವೂ

ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ‘ಕ’ ಎಂಬಾತನಿಗೆ ಒಂದು ವಾಣಿಜ್ಯ ಕಟ್ಟಡವಿದೆಯೆಂದು ಇಟ್ಟುಕೊಳ್ಳೋಣ. ಆತ ಅದನ್ನು ‘ಖ’ನಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ‘ಖ’ನು ತನಗೆ ಬೇಡವಾದ ಮೇಲಂತಸ್ತನ್ನು ‘ಗ’ನಿಗೆ ಮರುಬಾಡಿಗೆಗೆ ಕೊಡಲು ಹೊರಟಿದ್ದಾನೆ. ಆ ಅಂತಸ್ತಿನ ಕಿಟಕಿಗಳಿಗಿರುವುದು ಒಂಟಿ ಗಾಜು. ಒಟ್ಟು ವಿಸ್ತಾರ 20 ಚದರ ಮೀಟರ್. ಚಳಿಗಾಲ, ಒಳಗೆ 20 ಡಿಗ್ರಿ, ಹೊರಗೆ 0 ಡಿಗ್ರಿ ಸೆಂಟಿಗ್ರೇಡ್.

ಒಂದು ಚದರ ಮೀಟರ್ ಒಂಟಿ ಗಾಜಿನ ಮೂಲಕ, ಒಳಹೊರಗಿನ ಪ್ರತಿಯೊಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 5.5 ವಾಟ್ ಉಷ್ಣ ಹೊರಗೆ ಹರಿಯುತ್ತದೆ. ಅಂದರೆ 5.5 × 20 × 20 = 2200 ವಾಟ್. ನಡುವೆ ಗಾಳಿಯನ್ನು ಬಂಧಿಸಿದ ಸಾಧಾರಣ ಜೋಡಿಗಾಜಿಗೆ ಈ ಅಂಕ ಸುಮಾರು 2.8, ಆಗ ನಷ್ಟ 1120 ವಾಟ್. ಇವೆರಡರ ಅಂತರ 1080 ವಾಟ್. ಒಂದು ಕಿಲೊವಾಟಿನ ವಿದ್ಯುತ್ ಒಲೆಯನ್ನು ಹಗಲಿಡೀ ಬೀದಿಯಲ್ಲಿ ಉರಿಸಿದಂತಾಯಿತು. ಅದರ ಬೆಲೆ ತೆರುವವನು ‘ಗ’, ಗಾಜು ‘ಕ’ನದು, ನಡುವೆ ನಿಂತವನು ‘ಖ’.

ಇದು ‘ಗ’ನಿಗೆ ಮುಂಚೆಯೇ ತಿಳಿಯಬೇಡವೆ? ಅದಕ್ಕಾಗಿಯೇ ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಕಟ್ಟಡಗಳಿಗೆ ಶಕ್ತಿಸಾಮರ್ಥ್ಯದ ಪ್ರಮಾಣಪತ್ರವುಂಟು. ಗೋಡೆ, ಗಾಜು, ಬಾಯ್ಲರು, ದೀಪಗಳನ್ನು ಪರೀಕ್ಷಿಸಿ ‘ಎ’ಯಿಂದ ‘ಜಿ’ಯವರೆಗೆ ದರ್ಜೆ ಕೊಡುತ್ತಾರೆ, ‘ಎ’ ಉತ್ತಮ. ಅವಧಿ 10 ವರ್ಷ. ಜೊತೆಗೆ ಸುಧಾರಣೆಯ ಸಲಹೆಗಳ ವರದಿಯೊಂದಿರುತ್ತದೆ. ಈ ದರ್ಜೆ ಹಿಂದಿನ ಬಾಡಿಗೆದಾರ ಸುಟ್ಟ ಅನಿಲದ ಲೆಕ್ಕವಲ್ಲ. ಗೊತ್ತಾದ ಬಗೆಯ ಬಳಕೆಯನ್ನು ಊಹಿಸಿ ಕಟ್ಟಡವನ್ನೇ ತೂಗಿದ ಲೆಕ್ಕ. ಮಿತವ್ಯಯಿಯೊಬ್ಬ ಒಲೆ ಆರಿಸಿ, ಕೋಟು ತೊಟ್ಟು ಕುಳಿತರೆ ದರ್ಜೆ ಏರದು.

ಪತ್ರವನ್ನು ಒದಗಿಸುವ ಹೊಣೆ ಯಾರದು? 2012ರ ನಿಯಮಗಳಂತೆ ಬಾಡಿಗೆಗೆ ಕೊಡುವವನದು. ‘ಕ’ನೆದುರು ಬಾಡಿಗೆದಾರನಾದ ‘ಖ’ನು ‘ಗ’ನೆದುರು ಒಡೆಯನೇ ಆಗುತ್ತಾನೆ. ಆ ಭಾಗಕ್ಕೆ ಸಲ್ಲುವ, ಅವಧಿ ಮುಗಿಯದ ಪತ್ರವು ಮೊದಲೇ ಇದ್ದರೆ ಅದು ಸಾಕು. ಇಲ್ಲದಿದ್ದರೆ ‘ಖ’ನೇ ಮಾಡಿಸಿ, ‘ಗ’ನಿಗೆ ಪುಕ್ಕಟೆಯಾಗಿ ಕೊಡಬೇಕು.

ತೊಡಕು ಇರುವುದು ಮುಂದೆ. ಕೆಲವು ವಿನಾಯಿತಿಗಳ ಹೊರತು, 2018ರ ಏಪ್ರಿಲ್ 1ರಿಂದ ‘ಇ’ಗಿಂತ ಕೆಳದರ್ಜೆಯ ವಾಣಿಜ್ಯ ಸ್ಥಳವನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ, 2023ರ ಏಪ್ರಿಲ್ 1ರಿಂದ ನಡೆಯುತ್ತಿರುವ ಬಾಡಿಗೆಗೂ ಇದೇ ಕಟ್ಟು. ಮೇಲಂತಸ್ತಿನ ದರ್ಜೆ ‘ಎಫ್’ ಆಗಿದ್ದರೆ? ಅದನ್ನು ಸುಧಾರಿಸಬೇಕಾದವನು ‘ಖ’. ಆದರೆ ‘ಕ’ನ ಒಪ್ಪಿಗೆಯಿಲ್ಲದೆ ಕಿಟಕಿಗೆ ಕೈಹಚ್ಚಲು ಆತನಿಗೆ ಅಧಿಕಾರವಿಲ್ಲದಿರಬಹುದು. ತಕ್ಕ ಪ್ರಯತ್ನ ಮಾಡಿಯೂ ಒಪ್ಪಿಗೆ ದೊರೆಯದಿದ್ದಲ್ಲಿ, ‘ಖ’ನು ಅದನ್ನು ಸರಕಾರದ ಪಟ್ಟಿಯಲ್ಲಿ ದಾಖಲಿಸಿ 5 ವರ್ಷಗಳ ವಿನಾಯಿತಿ ಪಡೆಯಬಹುದು. ಇದು ‘ಖ’ನಿಗೆ ನ್ಯಾಯವೇ ಸರಿ, ‘ಗ’ನಿಗೂ ನ್ಯಾಯವೆಂದು ನಾವು ಹೇಳಲಾರೆವು. ಆ 5 ಚಳಿಗಾಲಗಳ ಒಲೆ ಬೀದಿಯಲ್ಲಿ ಆತನ ಖರ್ಚಿನಲ್ಲೇ ಉರಿಯುತ್ತದೆ. ಬಾಡಿಗೆ ಕುದುರಿಸುವಾಗ ಆತನ ಕೈಯಲ್ಲಿರುವ ಆಧಾರವೆಂದರೆ ‘ಎಫ್’ ಎಂದು ಬರೆದ ಆ ಪತ್ರವೊಂದೇ.