ಗ್ರಹಕ್ಕೂ ಗ್ರಹಕ್ಕೂ ಎಷ್ಟು ಗೇಣು? ಶಾಲೆಯ ಕಾರಿಡಾರ್ ಗೋಡೆಯಲ್ಲಿ ಒಂದು ಪಾಠ

ಗೋಡೆಗೆ ಬಣ್ಣ ಹಚ್ಚೋದು ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಎಲ್ಲರಿಗೂ ಇಷ್ಟದ ಕೆಲಸ. ಚರಂಡಿ ಕ್ಲೀನ್ ಮಾಡೋದಕ್ಕಿಂತ ಸುಲಭ, ಕೊನೇ ದಿನ ಗ್ರೂಪ್ ಫೋಟೋಗೂ ಚೆನ್ನಾಗಿ ಬರುತ್ತೆ. ಎರಡು ವರ್ಷದ ಹಿಂದೆ ನಾವು ಹೀಗೇ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕಾರಿಡಾರಿನಲ್ಲಿ ಸೌರಮಂಡಲ ಬರೆದ್ವಿ. ನೀಲಿ ಹಿನ್ನೆಲೆ, ಹಳದಿ ಸೂರ್ಯ, ಸಾಲಾಗಿ ಒಂಬತ್ತು ಗ್ರಹ. ಮೊಬೈಲಿನಲ್ಲಿ ಸಿಕ್ಕ ಚಿತ್ರವನ್ನು ನೋಡ್ಕೊಂಡು ಹಾಗೇ ಇಳಿಸಿದ್ದು.

ಹೊರಡುವ ದಿನ ಆರನೇ ತರಗತಿಯ ಹುಡುಗಿಯೊಬ್ಬಳು ಗೋಡೆಯ ಮೇಲೆ ಗೇಣು ಹಾಕುತ್ತಾ ನಿಂತಿದ್ದಳು. "ಅಣ್ಣಾ, ಭೂಮಿಯಿಂದ ಮಂಗಳಕ್ಕೆ ನಾಲ್ಕು ಗೇಣು. ಯುರೇನಸ್‌ನಿಂದ ನೆಪ್ಚೂನಿಗೂ ನಾಲ್ಕೇ ಗೇಣು. ನಿಜವಾಗ್ಲೂ ಅಷ್ಟೇನಾ?" ಅಂದಳು. ನಾವು ಐದು ಜನ ಇದ್ವಿ, ಎಲ್ಲರೂ ಇಂಜಿನಿಯರಿಂಗ್. ಒಬ್ಬರಿಂದಲೂ ನೆಟ್ಟಗೆ ಉತ್ತರ ಬರಲಿಲ್ಲ. ಸಾಲದ್ದಕ್ಕೆ ಒಂಬತ್ತನೆಯ ಗ್ರಹ ಅಂತ ಬರೆದಿದ್ದ ಪ್ಲೂಟೋವನ್ನು 2006ರಲ್ಲೇ ಗ್ರಹಗಳ ಪಟ್ಟಿಯಿಂದ ತೆಗೆದಾಗಿತ್ತು.

ಪುಸ್ತಕದಲ್ಲಿ ತಪ್ಪು ಇದ್ದರೆ ಮುಂದಿನ ವರ್ಷ ಹೊಸ ಪುಸ್ತಕ ಬರುತ್ತೆ. ಗೋಡೆಯ ತಪ್ಪು ಬಣ್ಣ ಉದುರುವ ತನಕ ಇರುತ್ತೆ, ಮಕ್ಕಳು ದಿನಾ ಅದರ ಮುಂದೆಯೇ ಓಡಾಡುತ್ತಾರೆ. ಹಾಗಾಗಿ ಕಳೆದ ವರ್ಷ ಅದೇ ಶಾಲೆಗೆ ವಾಪಸ್ ಹೋಗಿ ಗೋಡೆ ಕೆರೆದು ಮತ್ತೆ ಬರೆದೆವು. ಆಗ ಕಲಿತದ್ದನ್ನು ಈ ವರ್ಷ ಕ್ಯಾಂಪಿಗೆ ಹೋಗುವವರಿಗೆ ಹೇಳೋಣ ಅಂತ ಈ ಬರಹ.

ಕ್ಲಾಸ್‌ರೂಮ್ ಬೇಡ, ಕಾರಿಡಾರ್ ಯಾಕೆ?

ಚಿತ್ರ ಜಾಸ್ತಿ ಇದ್ದಷ್ಟೂ ಕಲಿಕೆ ಜಾಸ್ತಿ ಅಂತ ನಾವು ಅಂದುಕೊಂಡಿರುತ್ತೇವೆ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳುತ್ತೆ. ಕಿಂಡರ್‌ಗಾರ್ಟನ್ನಿನ 24 ಮಕ್ಕಳಿಗೆ ಕೆಲವು ಪಾಠಗಳನ್ನು ಚಿತ್ರ, ಚಾರ್ಟ್ ತುಂಬಿದ ಕೋಣೆಯಲ್ಲೂ ಕೆಲವನ್ನು ಬರಿಗೋಡೆಯ ಕೋಣೆಯಲ್ಲೂ ಮಾಡಿದರು. ಚಿತ್ರ ತುಂಬಿದ ಕೋಣೆಯಲ್ಲಿ ಮಕ್ಕಳ ಗಮನ ಪಾಠ ಬಿಟ್ಟು ಬೇರೆ ಕಡೆ ಹೋದ ಸಮಯ ಶೇ. 38.6, ಬರಿಗೋಡೆಯಲ್ಲಿ ಶೇ. 28.4. ಪರೀಕ್ಷೆಯಲ್ಲಿ ಸರಿಯುತ್ತರ ಕ್ರಮವಾಗಿ ಶೇ. 42 ಮತ್ತು 55.

ಇದು ಸಣ್ಣ ಅಧ್ಯಯನ, ಕಾರಿಡಾರನ್ನು ಅಳೆದದ್ದೂ ಅಲ್ಲ. ಆದರೂ ನನಗೆ ಅನ್ನಿಸೋದು ಇಷ್ಟು: ಕಪ್ಪುಹಲಗೆಯ ಸುತ್ತ ಗೋಡೆ ಸುಮ್ಮನಿರಲಿ. ಕಾರಿಡಾರಿನಲ್ಲಿ ಮಗು ಯಾವ ಪಾಠವನ್ನೂ ಕೇಳುತ್ತಿರಲ್ಲ. ಬಿಸಿಯೂಟದ ಸಾಲಿನಲ್ಲಿ ನಿಂತಿರುತ್ತೆ, ಬೆಲ್ಲಿಗೆ ಕಾಯುತ್ತಿರುತ್ತೆ. ಅಲ್ಲಿ ಗಮನ ಸೆಳೆದರೆ ನಷ್ಟ ಏನೂ ಇಲ್ಲ.

ಕಟ್ಟಡವನ್ನೇ ಕಲಿಕೆಯ ಸಾಧನ ಮಾಡುವ ಯೋಚನೆ ನಮ್ಮ ದೇಶದಲ್ಲಿ ಹೊಸದೇನಲ್ಲ. ದೆಹಲಿಯ ವಿನ್ಯಾಸ್ ಸಂಸ್ಥೆಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಯುನಿಸೆಫ್ ನೆರವಿನಿಂದ ರೂಪಿಸಿದ 'ಬಾಲಾ' ಪದ್ಧತಿಯಲ್ಲಿ ಬಾಗಿಲು ತೆರೆಯುವ ಕಡೆ ನೆಲದ ಮೇಲೆ ಕೋನಮಾಪಕ ಬರೆಯುತ್ತಾರೆ. ಬಾಗಿಲು ತಳ್ಳಿದರೆ 30, 60, 90 ಡಿಗ್ರಿ ಅಂತ ಕಣ್ಣಿಗೇ ಕಾಣುತ್ತೆ. ನಮ್ಮ ನಲಿ-ಕಲಿ ಕೋಣೆಗಳಲ್ಲಿ ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆಂದೇ ಕಪ್ಪು ಪಟ್ಟಿ ಇರೋದನ್ನು ನೋಡಿರುತ್ತೀರಿ. ಎರಡರಲ್ಲೂ ಮಗು ಕೈ ಹಾಕುತ್ತೆ, ಅದೇ ಮುಖ್ಯ. ಶಾಲೆಗೆ ರೈಲಿನ ಬೋಗಿ ಥರ ಬಣ್ಣ ಬಳಿಯೋದು ಈಗ ಜೋರಾಗಿದೆ. ನೋಡೋಕೆ ಖುಷಿ, ನನ್ನ ತಕರಾರಿಲ್ಲ. ಆದರೆ ಆ ರೈಲಿನ ಮೇಲೆ ಅಳೆಯೋಕೆ, ಎಣಿಸೋಕೆ, ಕೇಳೋಕೆ ಏನಾದರೂ ಇದ್ದರೆ ಇನ್ನೂ ಚೆನ್ನ.

ಲೆಕ್ಕ

ನಮ್ಮ ಅದೃಷ್ಟಕ್ಕೆ ಆ ಶಾಲೆಯ ಕಾರಿಡಾರ್ 31 ಮೀಟರ್ ಉದ್ದ ಇತ್ತು. ಸೂರ್ಯನಿಂದ ಭೂಮಿಗೆ ಸರಾಸರಿ ದೂರ ಸುಮಾರು 15 ಕೋಟಿ ಕಿ.ಮೀ. ಇದನ್ನು ಒಂದು ಖಗೋಳಮಾನ ಅನ್ನುತ್ತಾರೆ. ನೆಪ್ಚೂನ್ ಇರೋದು 30 ಖಗೋಳಮಾನ ದೂರದಲ್ಲಿ. ಅಂದರೆ 1 ಖಗೋಳಮಾನಕ್ಕೆ 1 ಮೀಟರ್ ಇಟ್ಟರೆ ಇಡೀ ಸೌರಮಂಡಲ ಗೋಡೆಗೆ ಸರಿಯಾಗಿ ಕೂರುತ್ತೆ!

ಒಂದನೇ ತರಗತಿಯ ಬಾಗಿಲ ಪಕ್ಕ ಸೂರ್ಯ. ಅಲ್ಲಿಂದ ಬುಧ 39 ಸೆಂ.ಮೀ., ಶುಕ್ರ 72 ಸೆಂ.ಮೀ., ಭೂಮಿ 1 ಮೀಟರ್, ಮಂಗಳ 1.52, ಗುರು 5.2, ಶನಿ 9.6, ಯುರೇನಸ್ 19.2, ನೆಪ್ಚೂನ್ 30 ಮೀಟರ್. ಮೊದಲ ನಾಲ್ಕು ಗ್ರಹ ಒಬ್ಬ ಮನುಷ್ಯ ಎರಡೂ ಕೈ ಚಾಚಿದಷ್ಟು ಜಾಗದಲ್ಲೇ ಮುಗಿದವು. ಯುರೇನಸ್ ಮತ್ತು ನೆಪ್ಚೂನ್ ಮಧ್ಯೆ ಹತ್ತಿರ ಹತ್ತಿರ 11 ಮೀಟರ್ ಖಾಲಿ ಗೋಡೆ.

ಹೆಡ್ ಮೇಷ್ಟ್ರು ಬಂದು ನೋಡಿದರು. "ಏನ್ರಪ್ಪಾ ಇದು, ಎಲ್ಲಾ ಒಂದೇ ಕಡೆ ತುರುಕಿ ಇಲ್ಲಿ ಇಷ್ಟು ಜಾಗ ಖಾಲಿ ಬಿಟ್ಟಿದ್ದೀರಿ?" ಅಂದರು. "ಸಾರ್, ಆ ಖಾಲಿ ಜಾಗಾನೇ ಪಾಠ" ಅಂದಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಊರವರು ಕೇಳಿದರೆ ನೀವೇ ಹೇಳಿ" ಅಂತ ನಕ್ಕರು.

ಗಾತ್ರದ್ದು ಬೇರೆ ಕಥೆ. ಇದೇ ಅಳತೆಯಲ್ಲಿ ಸೂರ್ಯನ ವ್ಯಾಸ 9.3 ಮಿ.ಮೀ., ಒಂದು ದೊಡ್ಡ ಕಡಲೆಕಾಳು. ಗುರು ಒಂದು ಮಿ.ಮೀ.ಗಿಂತ ಚೂರು ಕಮ್ಮಿ, ಒಂದು ಸಣ್ಣ ರಾಗಿಕಾಳು. ಭೂಮಿ ನಮ್ಮ ತಲೆಗೂದಲಿನ ದಪ್ಪ, ಬ್ರಷ್ಷಿನಲ್ಲಿ ಬರೆಯೋಕೇ ಆಗಲ್ಲ. ಪುಸ್ತಕದ ಚಿತ್ರಗಳು ಯಾಕೆ ತಪ್ಪು ಹೇಳುತ್ತವೆ ಅಂತ ಆಗ ಗೊತ್ತಾಯ್ತು. ದೂರ, ಗಾತ್ರ ಎರಡನ್ನೂ ಒಂದೇ ಅಳತೆಯಲ್ಲಿ ಒಂದು ಪುಟಕ್ಕೆ ತರೋಕೆ ಸಾಧ್ಯವೇ ಇಲ್ಲ. ಅದಕ್ಕೆ ಎರಡು ಚಿತ್ರ ಮಾಡಿದ್ವಿ. ಉದ್ದ ಗೋಡೆಯಲ್ಲಿ ದೂರ ಮಾತ್ರ, ಗ್ರಹದ ಜಾಗದಲ್ಲಿ ಒಂದು ಗುರುತು. ಕೊನೆಯ ಅಡ್ಡಗೋಡೆಯಲ್ಲಿ ಗಾತ್ರ ಮಾತ್ರ: ಭೂಮಿ 2 ಸೆಂ.ಮೀ., ಗುರು 22 ಸೆಂ.ಮೀ., ಸೂರ್ಯ 2 ಮೀಟರ್ 18 ಸೆಂ.ಮೀ. ಮೊಳೆಗೆ ದಾರ ಕಟ್ಟಿ ಸೂರ್ಯನ ವೃತ್ತ ಎಳೆದದ್ದು. ಯಾವ ಚಿತ್ರ ಏನನ್ನು ತೋರಿಸುತ್ತೆ, ಏನನ್ನು ತೋರಿಸಲ್ಲ ಅಂತ ಕೆಳಗೆ ಬರೆದೆವು. ಗ್ರಹಗಳು ಹೀಗೆ ಸಾಲಾಗಿ ನಿಂತಿರಲ್ಲ ಅನ್ನೋದನ್ನೂ ಸೇರಿಸಿದೆವು.

ಬೆಳಕಿನ ಲೆಕ್ಕ ಮಕ್ಕಳಿಗೆ ತುಂಬಾ ಹಿಡಿಸಿತು. ಸೂರ್ಯನಿಂದ ಭೂಮಿಗೆ ಬೆಳಕು ಬರೋಕೆ 8 ನಿಮಿಷ 20 ಸೆಕೆಂಡ್ ಬೇಕು. ಅಂದರೆ ಈ ಗೋಡೆಯ ಮೇಲೆ ಬೆಳಕು ಸೆಕೆಂಡಿಗೆ 2 ಮಿ.ಮೀ. ಸಾಗುತ್ತೆ, ಇರುವೆಗಿಂತ ನಿಧಾನ. ನೆಪ್ಚೂನ್ ತಲುಪೋಕೆ ನಾಲ್ಕು ಗಂಟೆ ದಾಟುತ್ತೆ.

ಎತ್ತರ ಮತ್ತು ಬಣ್ಣ

ನಮ್ಮ ಮೊದಲ ಚಿತ್ರ ನೆಲದಿಂದ ಐದಡಿ ಮೇಲಿತ್ತು, ಯಾಕಂದ್ರೆ ಕೆಳಗಿನ ನಾಲ್ಕಡಿಗೆ ಕಂದು ಆಯಿಲ್ ಪೇಂಟ್ ಇತ್ತು. ಒಂದನೇ ತರಗತಿಯ ಮಗುವಿನ ಎತ್ತರವೇ ಮೂರೂಮುಕ್ಕಾಲು ಅಡಿ ಆಸುಪಾಸು. ಹಾಗಾಗಿ ಎರಡನೇ ಸಲ ದೂರದ ಗೆರೆಯನ್ನು ಮೂರಡಿ ಎತ್ತರದಲ್ಲೇ ಹಾಕಿದ್ವಿ. 31 ಮೀಟರ್ ಉದ್ದಕ್ಕೆ ಮಟ್ಟ ತಪ್ಪಬಾರದಲ್ವಾ, ಅದಕ್ಕೆ ಊರಿನ ಗಾರೆ ಮೇಸ್ತ್ರಿಯಿಂದ ನೀರು ತುಂಬಿದ ಟ್ಯೂಬ್ ಲೆವೆಲ್ ಇಸ್ಕೊಂಡ್ವಿ. ಎರಡು ಗುರುತಿನ ಮಧ್ಯೆ ನೀಲಿ ಪುಡಿ ಸವರಿದ ದಾರ ಎಳೆದು ಹೊಡೆದರೆ ನೇರ ಗೆರೆ ಬೀಳುತ್ತೆ. ಸರ್ವೇಯಿಂಗ್ ಲ್ಯಾಬಿಗಿಂತ ಅವತ್ತೇ ಜಾಸ್ತಿ ಕಲಿತೆ ಅಂದರೆ ನಮ್ಮ ಮೇಷ್ಟ್ರು ಬೇಜಾರು ಮಾಡ್ಕೋಬಾರದು.

ಹಳೇ ಸುಣ್ಣದ ಮೇಲೆ ನೇರವಾಗಿ ಬಣ್ಣ ಹಚ್ಚಿದರೆ ಸುಣ್ಣದ ಸಮೇತ ಹಕ್ಕಳೆ ಏಳುತ್ತೆ. ಕೆರೆದು, ಸ್ಯಾಂಡ್‌ಪೇಪರ್ ಹಾಕಿ, ಪ್ರೈಮರ್ ಹೊಡೆದು ಒಣಗೋಕೆ ಬಿಡಿ. ಏಳು ದಿನದ ಕ್ಯಾಂಪಿನಲ್ಲಿ ಎರಡು ದಿನ ಇದಕ್ಕೇ ಹೋಗುತ್ತೆ. ಗೋಡೆಯಲ್ಲಿ ತೇವ ಇದೆಯಾ ಅಂತ ನೋಡೋಕೆ ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಅಂಟಿಸಿಡಿ. ಬೆಳಗ್ಗೆ ಒಳಗಡೆ ನೀರಿನ ಹನಿ ಕಂಡರೆ ಆ ಜಾಗಕ್ಕೆ ಎನಾಮಲ್ ಬೇಡ, ಗುಳ್ಳೆ ಬರುತ್ತೆ.

ಕನ್ನಡ ಸಂಘದವರಾಗಿ ಒಂದು ಮಾತು: ಅಕ್ಷರವನ್ನು ಮೊದಲು ಸೀಮೆಸುಣ್ಣದಲ್ಲಿ ಬರೆದು ಶಾಲೆಯ ಕನ್ನಡ ಮೇಷ್ಟ್ರಿಗೆ ತೋರಿಸಿ, ಆಮೇಲೆ ಬಣ್ಣ. ನಮ್ಮವನೊಬ್ಬ 'ಶುಕ್ರ'ದ ಕ್ರಾವಡಿ ಬಿಟ್ಟು 'ಶುಕ' ಮಾಡಿದ್ದ. ಗ್ರಹ ಹೋಗಿ ಗಿಳಿ ಆಗಿತ್ತು.

ಖಾಲಿ ಬಿಟ್ಟ ಆ 11 ಮೀಟರ್ ಉದ್ದಕ್ಕೂ ಒಂದೇ ಸಾಲು ಬರೆದಿದ್ದೇವೆ: ವಾಯೇಜರ್ 2 ನೌಕೆ 1986ರ ಜನವರಿಯಲ್ಲಿ ಯುರೇನಸ್ ದಾಟಿ, ನೆಪ್ಚೂನ್ ಹತ್ತಿರ ಬಂದದ್ದು 1989ರ ಆಗಸ್ಟಿನಲ್ಲಿ. ಗೇಣು ಹಾಕಿದ ಹುಡುಗಿ ಈಗ ಎಂಟನೇ ತರಗತಿ. ಹೋದ ತಿಂಗಳು ಮೇಷ್ಟ್ರು ಫೋನ್ ಮಾಡಿ, ಯಾರೋ ಮಕ್ಕಳು ಆ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ರಾಕೆಟ್ ಬರೆದಿದ್ದಾರೆ, ಅಳಿಸಬೇಕಾ ಅಂತ ಕೇಳಿದರು. ಅದು ಎಷ್ಟು ಮೀಟರಿನ ಹತ್ತಿರ ಇದೆ ಅಂತ ಮಕ್ಕಳ ಕೈಲಿ ಅಳೆಸಿ ಹೇಳಿ ಸಾರ್, ಅಂದಿದ್ದೇವೆ.